ಬೆವರಿನ ಉಪ್ಪು

“ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ” ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಉಪ್ಪು ನಾಲಗೆಗೆ ರುಚಿಯನ್ನು ಕೊಡುತ್ತದೆಂಬುದು ಎಲ್ಲರಿಗೂ ತಿಳಿದ ಸಂಗತಿ. ಅದು ನಮ್ಮ ರಕ್ತದಲ್ಲಿಯೂ ಕಣ್ಣೀರಿನಲ್ಲಿಯೂ ಬೆವರಿನಲ್ಲಿಯೂ ಬೆರೆತುಕೊಂಡಿದೆ. ಸ್ನಾಯುಗಳ ಚಲನೆ, ನರಗಳ ಸಂದೇಶ, ಹೃದಯದ ಬಡಿತ ಇವೆಲ್ಲವೂ ರಕ್ತದಲ್ಲಿನ ಉಪ್ಪು ಒಂದು ಗೊತ್ತಾದ ಪ್ರಮಾಣದಲ್ಲಿ ಇರುವುದನ್ನು ಅವಲಂಬಿಸಿವೆ. ಆರೋಗ್ಯವಂತನ ದೇಹವು ಈ ಪ್ರಮಾಣವನ್ನು ತಾನಾಗಿಯೇ ಕಾಪಾಡಿಕೊಳ್ಳುತ್ತದೆ. ಆದರೆ ಈ ಶಕ್ತಿಯಲ್ಲಿ ಹುಟ್ಟಿನಿಂದಲೇ ಕೊರತೆಯಿರುವ ಜನರೂ ಲೋಕದಲ್ಲಿದ್ದಾರೆ. ಸೆಕೆಯ ದಿನವು ನಮಗೆ ಬೇಸರವನ್ನು ತಂದರೆ ಅವರಿಗೆ ಪ್ರಾಣಾಪಾಯವನ್ನೇ ತರಬಲ್ಲದು. ಅವರನ್ನು ಕಾಡುವ ರೋಗದ ಹೆಸರು ಸಿಸ್ಟಿಕ್ ಫೈಬ್ರೋಸಿಸ್.

ಇದು ತಂದೆತಾಯಿಯರಿಂದ ವಂಶಪಾರಂಪರ್ಯವಾಗಿ ಬರುವ ರೋಗ. ಒಬ್ಬರಿಂದ ಒಬ್ಬರಿಗೆ ಅಂಟುವಂಥದಲ್ಲ. ತಂದೆ ಮತ್ತು ತಾಯಿ ಇಬ್ಬರಲ್ಲಿಯೂ ದೋಷವುಳ್ಳ ವಂಶವಾಹಿಯು ಒಂದೊಂದು ಅಡಗಿದ್ದರೆ, ಅವರಿಗೆ ಹುಟ್ಟುವ ಪ್ರತಿಯೊಂದು ಮಗುವಿಗೂ ಈ ರೋಗ ಬರುವ ಸಂಭವವು ನಾಲ್ಕರಲ್ಲಿ ಒಂದು ಪಾಲು. ತಂದೆತಾಯಿಯರು ಮಾತ್ರ ಆರೋಗ್ಯವಾಗಿಯೇ ಇರುತ್ತಾರೆ. ರೋಗಿಯ ಶ್ವಾಸಕೋಶಗಳಲ್ಲಿ ಲೋಳೆಯು ಗಟ್ಟಿಯಾಗಿ ಅಂಟಿಕೊಂಡು, ಅಲ್ಲಿ ರೋಗಾಣುಗಳು ನೆಲೆಸುತ್ತವೆ. ಮೇದೋಜೀರಕ ಗ್ರಂಥಿಯ ನಾಳಗಳು ಕಟ್ಟಿಕೊಂಡು ಜೀರ್ಣರಸವು ಕರುಳನ್ನು ಸೇರುವುದಿಲ್ಲ. ಹೀಗಾಗಿ ಮಗುವು ಎಷ್ಟು ಉಂಡರೂ ಮೈಹತ್ತದೆ ಸೊರಗುತ್ತದೆ. ಕೆಮ್ಮು ಬಿಡದೆ ಕಾಡುತ್ತದೆ. ಇವುಗಳೊಂದಿಗೆ ಇನ್ನೊಂದು ಲಕ್ಷಣವೂ ಉಂಟು. ಈ ರೋಗಿಗಳ ಬೆವರು ಅತಿಯಾಗಿ ಉಪ್ಪಾಗಿರುತ್ತದೆ.

ವಿಜ್ಞಾನವು ಈ ಸಂಗತಿಯನ್ನು ಅರಿಯುವುದಕ್ಕೆ ಬಹಳ ಹಿಂದೆಯೇ ಯುರೋಪಿನ ಕೆಲವು ಪ್ರದೇಶಗಳ ಜನಸಾಮಾನ್ಯರು ಇದನ್ನು ಗಮನಿಸಿದ್ದರು. ಹಣೆಗೆ ಮುತ್ತಿಟ್ಟಾಗ ಉಪ್ಪಿನ ರುಚಿ ಹತ್ತಿದರೆ ಆ ಮಗು ಹೆಚ್ಚು ಕಾಲ ಬಾಳದು ಎಂಬ ನಂಬಿಕೆ ಅವರಲ್ಲಿತ್ತು. ಇದು ಶಾಪದ ಫಲ, ಮಾಟದ ಫಲ ಎಂದು ಅವರು ಭಾವಿಸಿದ್ದರು. ತಾಯಂದಿರ ಅನುಭವದಲ್ಲಿ ಸತ್ಯವಿತ್ತು. ಅದಕ್ಕೆ ಕೊಟ್ಟ ಕಾರಣದಲ್ಲಿ ಸತ್ಯವಿರಲಿಲ್ಲ. ನಿಜವಾದ ಕಾರಣವನ್ನು ತಿಳಿಯಲು ಇಪ್ಪತ್ತನೆಯ ಶತಮಾನದವರೆಗೆ ಕಾಯಬೇಕಾಯಿತು.

ಅಮೆರಿಕದ ನ್ಯೂಯಾರ್ಕ್ ನಗರದ ಒಂದು ಮಕ್ಕಳ ಆಸ್ಪತ್ರೆಯಲ್ಲಿ ಡೊರೊಥಿ ಆಂಡರ್ಸನ್ ಎಂಬ ವೈದ್ಯೆ ಕೆಲಸ ಮಾಡುತ್ತಿದ್ದರು. ಸತ್ತ ಮಕ್ಕಳ ಅಂಗಾಂಗಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗದ ಕಾರಣವನ್ನು ಹುಡುಕುವುದು ಅವರ ಕಾರ್ಯವಾಗಿತ್ತು. ಅನೇಕ ಮಕ್ಕಳ ಮೇದೋಜೀರಕ ಗ್ರಂಥಿಯಲ್ಲಿ ಒಂದೇ ಬಗೆಯ ಹಾನಿಯಾಗಿರುವುದನ್ನು ಕಂಡು, ಇದು ಒಂದು ಪ್ರತ್ಯೇಕ ರೋಗವೆಂದು ಅವರು 1938ರಲ್ಲಿ ವಿವರವಾಗಿ ನಿರೂಪಿಸಿದರು. ಆದರೆ ಸೂಕ್ಷ್ಮದರ್ಶಕಕ್ಕೆ ಬೆವರಿನ ಗ್ರಂಥಿಗಳಲ್ಲಿ ಯಾವ ಕುಂದೂ ಕಾಣಿಸಲಿಲ್ಲ. ಆ ರಹಸ್ಯವನ್ನು ಬಯಲಿಗೆ ತಂದುದು ಒಂದು ಕಡುಬೇಸಿಗೆ.

1948ರ ಬೇಸಿಗೆಯಲ್ಲಿ ನ್ಯೂಯಾರ್ಕ್ ನಗರವು ತೀವ್ರವಾದ ತಾಪಕ್ಕೆ ಸಿಕ್ಕಿತು. ಸಮುದ್ರದ ದಡದಲ್ಲಿರುವ ಆ ನಗರದ ಬೇಸಿಗೆಯು ಬಿಸಿಯೊಂದಿಗೆ ತೇವವನ್ನೂ ತರುತ್ತದೆ. ತಾಪದಿಂದ ನಿತ್ರಾಣಗೊಂಡ ಮಕ್ಕಳನ್ನು ಆಸ್ಪತ್ರೆಗೆ ತರಲಾಯಿತು. ಅವರಲ್ಲಿ ಅನೇಕರು ಸಿಸ್ಟಿಕ್ ಫೈಬ್ರೋಸಿಸ್ ರೋಗವುಳ್ಳ ಮಕ್ಕಳಾಗಿದ್ದುದನ್ನು ಅಲ್ಲಿನ ವೈದ್ಯರು ಗಮನಿಸಿದರು. ರೋಗವೇನೋ ವಿರಳವಾದುದು, ಆದರೂ ತಾಪಕ್ಕೆ ಬಲಿಯಾಗುವವರಲ್ಲಿ ಈ ಮಕ್ಕಳೇ ಎದ್ದುಕಾಣುವಷ್ಟು ಇದ್ದುದೇಕೆ? ವಾಲ್ಟರ್ ಕೆಸ್ಲರ್ ಮತ್ತು ಆಂಡರ್ಸನ್ ಈ ಸಂಗತಿಯನ್ನು 1951ರಲ್ಲಿ ಪ್ರಕಟಿಸಿದರು.

ಅದೇ ಆಸ್ಪತ್ರೆಯ ಇನ್ನೊಬ್ಬ ವೈದ್ಯರಾದ ಪಾಲ್ ಡಿ ಸಾಂಟಾನ್ಯೇಸೆಯವರು ಈ ಪ್ರಶ್ನೆಯನ್ನು ಬಿಡದೆ ಹಿಂಬಾಲಿಸಿದರು. ದೇಹದಿಂದ ಉಪ್ಪು ನಷ್ಟವಾಗುತ್ತಿರುವುದು ನಿಜವಾದರೆ ಅದು ಯಾವ ದಾರಿಯಿಂದ ಹೊರಹೋಗುತ್ತಿದೆ? ಮೂತ್ರಪಿಂಡಗಳಲ್ಲಿ ದೋಷವಿರಲಿಲ್ಲ. ಕೊನೆಗೆ ಅವರು ಮತ್ತು ಅವರ ಸಂಗಡಿಗರು ರೋಗಿಗಳ ಬೆವರನ್ನೂ ಆರೋಗ್ಯವಂತರ ಬೆವರನ್ನೂ ಸಂಗ್ರಹಿಸಿ ಹೋಲಿಸಿ ನೋಡಿದರು. ರೋಗಿಗಳ ಬೆವರಿನಲ್ಲಿ ಸೋಡಿಯಂ ಮತ್ತು ಕ್ಲೋರೈಡ್, ಎಂದರೆ ಉಪ್ಪಿನ ಎರಡು ಅಂಶಗಳು, ಹಲವು ಪಟ್ಟು ಹೆಚ್ಚಾಗಿದ್ದವು. 1953ರಲ್ಲಿ ಈ ಶೋಧವು ಪ್ರಕಟವಾಯಿತು. ತಾಯಂದಿರ ತುಟಿಗೆ ತಿಳಿದಿದ್ದ ಸಂಗತಿಗೆ ಅಂಕಿಗಳ ಸಾಕ್ಷ್ಯ ದೊರೆಯಿತು.

ಈಗ ತೇವದ ಹವೆಯು ಈ ರೋಗಿಗಳನ್ನು ಏಕೆ ವಿಶೇಷವಾಗಿ ಪೀಡಿಸುತ್ತದೆ ಎಂಬುದನ್ನು ವಿಚಾರಿಸೋಣ. ಮಣ್ಣಿನ ಹೂಜಿಯ ನೀರು ಬೇಸಿಗೆಯಲ್ಲಿ ತಣ್ಣಗಿರುವುದನ್ನು ನೀವು ಬಲ್ಲಿರಿ. ಹೂಜಿಯ ಸಣ್ಣ ರಂಧ್ರಗಳಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಮಳೆಗಾಲದಲ್ಲಿ ಅದೇ ಹೂಜಿಯು ಅಷ್ಟಾಗಿ ತಂಪು ಕೊಡುವುದಿಲ್ಲ. ಆಗ ಗಾಳಿಯಲ್ಲಿ ತೇವವು ತುಂಬಿರುವುದರಿಂದ ನೀರು ಬೇಗನೆ ಆವಿಯಾಗಲಾರದು. ನಮ್ಮ ಚರ್ಮವೂ ಹೀಗೆಯೇ. ಬೆವರು ಆರಿದಾಗ ಮೈ ತಂಪಾಗುತ್ತದೆ. ಮೈಮೇಲಿಂದ ತೊಟ್ಟಿಕ್ಕಿ ಕೆಳಗೆ ಬಿದ್ದ ಬೆವರಿನಿಂದ ದೇಹಕ್ಕೆ ತಂಪು ದೊರೆಯುವುದಿಲ್ಲ. ಮುಂಗಾರಿಗೆ ಮುಂಚಿನ ದಿನಗಳಲ್ಲಿ ಮಂಗಳೂರು, ಕಾರವಾರಗಳಲ್ಲಿ ಇದ್ದವರಿಗೆ ಇದರ ಅನುಭವವಿದೆ. ತಾಪವನ್ನು ಇಳಿಸಲಾರದ ದೇಹವು ಇನ್ನಷ್ಟು ಬೆವರನ್ನು ಸುರಿಸುತ್ತದೆ.

ಆರೋಗ್ಯವಂತನ ಬೆವರಿನ ಗ್ರಂಥಿಯು ಉಪ್ಪಿನ ವಿಷಯದಲ್ಲಿ ಬಲು ಜಿಪುಣ. ಗ್ರಂಥಿಯ ತಳಭಾಗದಲ್ಲಿ ಉತ್ಪತ್ತಿಯಾಗುವ ಬೆವರು ಬಹುಮಟ್ಟಿಗೆ ರಕ್ತದ್ರವದಷ್ಟೇ ಉಪ್ಪಾಗಿರುತ್ತದೆ. ಅದು ಸಣ್ಣ ನಾಳದ ಮೂಲಕ ಚರ್ಮದ ಕಡೆಗೆ ಸಾಗುವಾಗ, ನಾಳದ ಗೋಡೆಯು ಅದರಲ್ಲಿನ ಉಪ್ಪಿನ ಬಹುಭಾಗವನ್ನು ಹಿಂದಕ್ಕೆ ಹೀರಿಕೊಳ್ಳುತ್ತದೆ. ಹೀಗೆ ನೀರು ಹೊರಗೆ ಹೋಗುತ್ತದೆ, ಉಪ್ಪು ಮನೆಯಲ್ಲಿಯೇ ಉಳಿಯುತ್ತದೆ. ಸಿಸ್ಟಿಕ್ ಫೈಬ್ರೋಸಿಸ್ ಇರುವವರಲ್ಲಿ ನಾಳದ ಗೋಡೆಯು ಈ ಕೆಲಸವನ್ನು ಮಾಡಲಾರದು. ಒಂದೊಂದು ಹನಿ ಬೆವರೂ ದೇಹದ ಉಪ್ಪನ್ನು ಹೊತ್ತುಕೊಂಡೇ ಹೊರಬೀಳುತ್ತದೆ. ಒಣಹವೆಯ ಬಿಸಿಲಿನಲ್ಲಿ ಬೆವರು ಬೇಗ ಆರಿ, ಅವರ ಹಣೆಯ ಮೇಲೆ ಉಪ್ಪು ಬಿಳಿಯ ಪುಡಿಯಂತೆ ಉಳಿಯುವುದುಂಟು. ತೇವದ ಹವೆಯಲ್ಲಿ ಬೆವರು ಧಾರೆಯಾಗಿ ಹರಿದುಹೋಗುವುದರಿಂದ ತಂಪೂ ದೊರೆಯದು, ಉಪ್ಪೂ ಉಳಿಯದು. ನಷ್ಟವು ಇಮ್ಮಡಿಯಾದಂತಾಯಿತು.

ಇದಕ್ಕಿಂತಲೂ ಅಪಾಯಕಾರಿಯಾದ ಇನ್ನೊಂದು ಸಂಗತಿಯಿದೆ. ನಾವು ಬೆವರಿದಾಗ ನೀರು ಹೆಚ್ಚಾಗಿಯೂ ಉಪ್ಪು ಕಡಿಮೆಯಾಗಿಯೂ ಹೊರಹೋಗುವುದರಿಂದ ರಕ್ತದಲ್ಲಿ ಉಪ್ಪಿನ ಸಾಂದ್ರತೆ ಏರುತ್ತದೆ. ಆ ಏರಿಕೆಯನ್ನು ಮೆದುಳು ಗುರುತಿಸಿ ಬಾಯಾರಿಕೆಯನ್ನು ಹುಟ್ಟಿಸುತ್ತದೆ. ಈ ರೋಗಿಗಳಲ್ಲಿ ನೀರಿನೊಂದಿಗೆ ಉಪ್ಪೂ ಹೊರಹೋಗುವ ಕಾರಣ ಸಾಂದ್ರತೆಯು ಅಷ್ಟಾಗಿ ಏರುವುದಿಲ್ಲ. ಆದುದರಿಂದ ಬಾಯಾರಿಕೆಯ ಎಚ್ಚರಿಕೆಯು ಸಕಾಲದಲ್ಲಿ ಕೇಳಿಬರುವುದಿಲ್ಲ. ದೇಹವು ಒಣಗುತ್ತಿದ್ದರೂ ಮಗುವು ನೀರು ಕೇಳದೆ ಆಟವಾಡುತ್ತಿರುತ್ತದೆ. ಮೊದಲು ಆಯಾಸ, ತಲೆನೋವು, ಸ್ನಾಯುಗಳ ಸೆಳೆತ. ಅನಂತರ ಹಸಿವಿಲ್ಲದಿರುವುದು, ವಾಂತಿ. ಉಪಚಾರವು ತಡವಾದರೆ ಪ್ರಜ್ಞೆ ತಪ್ಪಿ ಪ್ರಾಣಕ್ಕೇ ಕುತ್ತು ಬರಬಹುದು. ಬರಿಯ ನೀರನ್ನೇ ಹೆಚ್ಚು ಕುಡಿಸಿದರೂ ಸಾಲದು. ಉಪ್ಪು ಕಡಿಮೆಯಾದ ರಕ್ತವು ನೀರಿನಿಂದ ಇನ್ನಷ್ಟು ತೆಳುವಾಗುತ್ತದೆ. ನೀರು, ಉಪ್ಪು ಎರಡೂ ಒಟ್ಟಿಗೆ ದೇಹವನ್ನು ಸೇರಬೇಕು.

ತೇವದ ಹವೆಯ ಪರಿಣಾಮವು ಬೆವರಿಗೆ ಮಾತ್ರ ಸೀಮಿತವಾಗಿಲ್ಲ. ದೇಹದಲ್ಲಿ ನೀರು ಕಡಿಮೆಯಾದಾಗ ಶ್ವಾಸಕೋಶದ ಲೋಳೆಯು ಮತ್ತಷ್ಟು ಗಟ್ಟಿಯಾಗುತ್ತದೆ. ಕೆಲವರಿಗೆ ಕರುಳಿನಲ್ಲಿ ತಡೆಯೂ ಉಂಟಾಗಬಹುದು. ಮನೆಯ ಗೋಡೆಗಳಲ್ಲಿ ಪಸೆ ನಿಂತರೆ ಬೂಸಲು ಬೆಳೆಯುತ್ತದೆ. ಅದರ ಕಣಗಳು ಉಸಿರಿನೊಂದಿಗೆ ಒಳಸೇರಿ ದುರ್ಬಲವಾದ ಶ್ವಾಸಕೋಶಗಳನ್ನು ಬಾಧಿಸುತ್ತವೆ. ಎಲ್ಲ ರೋಗಿಗಳ ಅನುಭವವೂ ಒಂದೇ ರೀತಿಯದಲ್ಲ. ತೇವದ ಗಾಳಿಯಲ್ಲಿ ಕಫವು ಸಡಿಲವಾಗಿ ಉಸಿರಾಟ ಸುಲಭವಾಯಿತೆಂದು ಹೇಳುವವರೂ ಇದ್ದಾರೆ, ಎದೆ ಬಿಗಿದಂತಾಯಿತೆಂದು ಹೇಳುವವರೂ ಇದ್ದಾರೆ. ಆದರೆ ಉಪ್ಪಿನ ನಷ್ಟವು ಇವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಸಮಾನವಾದ ಸಂಕಟ.

ಬೆವರಿನ ಈ ಗುಣವೇ ಮುಂದೆ ರೋಗವನ್ನು ಗುರುತಿಸುವ ಸಾಧನವಾಯಿತು. ಮೊದಮೊದಲು ಮಗುವಿನ ಮೈಗೆ ಹೊದಿಕೆಗಳನ್ನು ಸುತ್ತಿ ಬೆವರಿಸುವ ಕ್ರಮವಿತ್ತು. ಅದು ಅಪಾಯಕ್ಕೆ ಎಡೆಮಾಡುವ ಕ್ರಮ. 1959ರಲ್ಲಿ ಲೂಯಿಸ್ ಗಿಬ್ಸನ್ ಮತ್ತು ರಾಬರ್ಟ್ ಕುಕ್ ಸುರಕ್ಷಿತವಾದ ವಿಧಾನವನ್ನು ರೂಪಿಸಿದರು. ಪೈಲೋಕಾರ್ಪಿನ್ ಎಂಬ ಔಷಧವನ್ನು ಅತಿ ಸಣ್ಣ ವಿದ್ಯುತ್ಪ್ರವಾಹದ ನೆರವಿನಿಂದ ಮುಂಗೈಯ ಚರ್ಮದೊಳಕ್ಕೆ ಕಳುಹಿಸಿ, ಆ ಒಂದು ಭಾಗದಲ್ಲಿ ಮಾತ್ರ ಬೆವರು ಬರಿಸಿ ಪರೀಕ್ಷಿಸುವುದೇ ಆ ವಿಧಾನ. ಲೀಟರು ಬೆವರಿನಲ್ಲಿ ಕ್ಲೋರೈಡ್ 30 ಮಿಲಿಮೋಲ್‌ಗಿಂತ ಕಡಿಮೆಯಿದ್ದರೆ ರೋಗದ ಸಂಭವವು ತೀರ ಕಡಿಮೆ. 60 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ರೋಗವಿದೆಯೆಂದು ವೈದ್ಯರು ನಿರ್ಧರಿಸುತ್ತಾರೆ. ಈ ಪರೀಕ್ಷೆಯು ಇಂದಿಗೂ ಬಳಕೆಯಲ್ಲಿದೆ.

ನಾಳದ ಗೋಡೆಯ ಕುಂದು ಯಾವುದೆಂಬುದನ್ನು 1983ರಲ್ಲಿ ಪಾಲ್ ಕ್ವಿಂಟನ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಕ್ಲೋರೈಡ್ ಕಣಗಳು ಆ ಗೋಡೆಯನ್ನು ದಾಟಲಾರವು ಎಂಬುದೇ ಅವರ ಶೋಧ. ಕ್ವಿಂಟನ್ ಅವರೂ ಇದೇ ರೋಗದೊಂದಿಗೆ ಹುಟ್ಟಿದವರು ಎಂಬುದು ಗಮನಾರ್ಹ. ತನ್ನನ್ನು ಕಾಡಿದ ವ್ಯಾಧಿಯನ್ನೇ ಅಧ್ಯಯನದ ವಸ್ತುವನ್ನಾಗಿ ಮಾಡಿಕೊಂಡು ಅದರ ಮರ್ಮವನ್ನು ಭೇದಿಸಿದ ಈ ಧೀರನ ಸಾಧನೆ ಸ್ಮರಣೀಯವಾದುದು. 1989ರಲ್ಲಿ ಲ್ಯಾಪ್-ಚೀ ಟ್ಸುಯಿ, ಜಾಕ್ ರಿಯೋರ್ಡನ್ ಮತ್ತು ಫ್ರಾನ್ಸಿಸ್ ಕಾಲಿನ್ಸ್ ಅವರ ತಂಡಗಳು ಏಳನೆಯ ವರ್ಣತಂತುವಿನ ಮೇಲೆ ಈ ರೋಗದ ವಂಶವಾಹಿಯನ್ನು ಪತ್ತೆಹಚ್ಚಿದವು. ಜೀವಕೋಶದಲ್ಲಿ ಕ್ಲೋರೈಡ್ ಸಾಗುವ ಬಾಗಿಲನ್ನು ನಿರ್ಮಿಸುವ ಸೂಚನೆಯು ಆ ವಂಶವಾಹಿಯಲ್ಲಿದೆ. ಆ ಬಾಗಿಲನ್ನು ಸರಿಪಡಿಸುವ ಔಷಧಗಳಲ್ಲಿ ಮೊದಲನೆಯದು 2012ರಲ್ಲಿಯೂ, ಮೂರು ಔಷಧಗಳ ಹೆಚ್ಚು ಪರಿಣಾಮಕಾರಿಯಾದ ಸಂಯೋಗವು 2019ರಲ್ಲಿಯೂ ಅಮೆರಿಕದಲ್ಲಿ ಮಾನ್ಯತೆ ಪಡೆದವು. ಇವುಗಳನ್ನು ಸೇವಿಸುವ ಅನೇಕರಲ್ಲಿ ಉಸಿರಾಟವು ಸುಧಾರಿಸಿ, ಬೆವರಿನ ಉಪ್ಪೂ ತಗ್ಗಿದೆ. ಆದರೆ ಈ ಔಷಧಗಳು ಎಲ್ಲ ರೋಗಿಗಳಿಗೂ ಒಗ್ಗುವುದಿಲ್ಲ. ಅವುಗಳ ಬೆಲೆಯೂ ಬಹಳ ಹೆಚ್ಚು.

ಆದುದರಿಂದ ಸೆಕೆಯ ದಿನಗಳಲ್ಲಿ ಹಳೆಯ ಎಚ್ಚರಿಕೆಗಳೇ ಇಂದಿಗೂ ಆಧಾರ. ಬಾಯಾರಿಕೆಯನ್ನು ಕಾಯದೆ ಆಗಾಗ ಕುಡಿಯುವುದು, ವೈದ್ಯರು ಹೇಳಿದಷ್ಟು ಉಪ್ಪನ್ನು ಆಹಾರದಲ್ಲಿ ಅಥವಾ ಪಾನೀಯದಲ್ಲಿ ಸೇರಿಸುವುದು, ನಡುಹಗಲಿನ ಆಟವನ್ನು ಬೆಳಗಿಗೋ ಸಂಜೆಗೋ ಮುಂದೂಡುವುದು, ಗಾಳಿಯಾಡುವ ನೆರಳಿನಲ್ಲಿ ಇರುವುದು ಇವು ಮುಖ್ಯವಾದವು. ತಾಯಿಯ ಹಾಲಿನಲ್ಲಿ ಉಪ್ಪು ಸ್ವಲ್ಪವೇ ಇರುವುದರಿಂದ ಈ ರೋಗವುಳ್ಳ ಹಸುಗೂಸುಗಳಿಗೂ ವೈದ್ಯರು ಅಳತೆಯಿಟ್ಟು ಉಪ್ಪನ್ನು ಕೊಡಿಸುತ್ತಾರೆ. ಇದನ್ನು ಓದಿದ ಉಳಿದವರು ಉಪ್ಪನ್ನು ಹೆಚ್ಚಿಸಿಕೊಳ್ಳಬಾರದು. ಆರೋಗ್ಯವಂತರಿಗೆ ಅತಿಯಾದ ಉಪ್ಪು ರಕ್ತದೊತ್ತಡಕ್ಕೆ ದಾರಿಯಾಗುತ್ತದೆ.

ಈ ರೋಗವು ಶ್ವೇತವರ್ಣೀಯರಿಗೆ ಮಾತ್ರ ಬರುವುದೆಂದೂ ಭಾರತದಲ್ಲಿ ಇಲ್ಲವೆಂದೂ ಬಹುಕಾಲ ಭಾವಿಸಲಾಗಿತ್ತು. ಇಲ್ಲಿಯೂ ಅದು ಇದೆಯೆಂದು ಈಗ ಖಚಿತವಾಗಿದೆ. ಬಿಡದ ಕೆಮ್ಮನ್ನು ಕ್ಷಯವೆಂದೂ ಸೊರಗಿದ ಮೈಯನ್ನು ಪೌಷ್ಟಿಕಾಂಶದ ಕೊರತೆಯೆಂದೂ ಎಣಿಸಿ, ನಿಜವಾದ ರೋಗವನ್ನು ಗುರುತಿಸದೆ ಬಿಡುವ ಸಂಭವ ನಮ್ಮಲ್ಲಿ ಹೆಚ್ಚು. ದೀರ್ಘವಾದ ಬೇಸಿಗೆಯೂ ತೇವದ ಕರಾವಳಿಯೂ ಇರುವ ನಮ್ಮ ನಾಡಿನಲ್ಲಿ, ಗುರುತಿಸದೆ ಹೋದ ಅಂಥ ಮಗುವಿಗೆ ಒಂದು ಸೆಕೆಯ ಮಧ್ಯಾಹ್ನವೂ ಅಪಾಯವನ್ನು ತರಬಹುದು. ನಿಮ್ಮ ತರಗತಿಯಲ್ಲಿ ಯಾರಾದರೂ ವೈದ್ಯರ ಸಲಹೆಯಂತೆ ಪಾಠದ ನಡುವೆ ನೀರು ಕುಡಿದರೆ, ಉಪ್ಪಿನ ಪಾನೀಯವನ್ನು ಜೊತೆಗೆ ತಂದರೆ ನಗಬೇಡಿರಿ. ಆಟದ ಬಯಲಿನಲ್ಲಿ ಅವರು ಬಳಲಿದಂತೆ ಕಂಡರೆ ನೆರಳಿಗೆ ಕರೆದು ಗುರುಗಳಿಗೆ ತಿಳಿಸಿರಿ. ನಾವು ಕರವಸ್ತ್ರದಿಂದ ಒರೆಸಿ ಮರೆಯುವ ಬೆವರಿನ ಹನಿಗೆ ಅವರು ದಿನವೂ ಲೆಕ್ಕವಿಡಬೇಕಾಗಿದೆ.

ಅಭ್ಯಾಸ

1. ಹಣೆಯ ಉಪ್ಪಿನ ವಿಷಯದಲ್ಲಿ ಯುರೋಪಿನ ಜನರ ನಂಬಿಕೆಯಲ್ಲಿ ಸತ್ಯವಾದುದು ಯಾವುದು? ತಪ್ಪಾದುದು ಯಾವುದು?
2. 1948ರ ಬೇಸಿಗೆಯು ವೈದ್ಯರ ಗಮನವನ್ನು ಯಾವ ಸಂಗತಿಯ ಕಡೆಗೆ ಸೆಳೆಯಿತು?
3. ಮಣ್ಣಿನ ಹೂಜಿಗೂ ಮಾನವನ ಚರ್ಮಕ್ಕೂ ಇರುವ ಹೋಲಿಕೆಯನ್ನು ವಿವರಿಸಿರಿ.
4. ಸಿಸ್ಟಿಕ್ ಫೈಬ್ರೋಸಿಸ್ ಇರುವವರಿಗೆ ಬಾಯಾರಿಕೆಯು ಸಕಾಲದಲ್ಲಿ ಏಕೆ ಉಂಟಾಗುವುದಿಲ್ಲ?
5. “ಉಪ್ಪಿನ ವಿಷಯದಲ್ಲಿ ಬಲು ಜಿಪುಣ” – ಈ ಮಾತನ್ನು ಯಾವುದನ್ನು ಕುರಿತು ಹೇಳಿದೆ? ಏಕೆ?