ಕಾಯುವುದಕ್ಕೂ ಒಂದು ರೇಟು ಇದೆ

ಸಿರುಗುಪ್ಪ ಧಾರಣೆಯ ಊರು. ಕೊಯ್ದ ಸೋನಾ ಮಸೂರಿಯನ್ನು ಈಗಲೇ ಕೊಟ್ಟುಬಿಡುವುದೋ, ಸಂಕ್ರಾಂತಿ ಕಳೆಯಲಿ ಎಂದು ಇಟ್ಟುಕೊಳ್ಳುವುದೋ ಎಂಬ ಲೆಕ್ಕದಲ್ಲಿ ಇಲ್ಲಿನ ಮೂರು ತಲೆಮಾರು ಪಳಗಿದೆ. ಅದೇ ಲೆಕ್ಕಾಚಾರ ಈಗ ಕಂಪ್ಯೂಟರ್ ಖರೀದಿಗೂ ಬಂದಿದೆ. ಮದುವೆ ಆಲ್ಬಂ ಮಾಡುವ ಸ್ಟುಡಿಯೊದವರು, ಪಹಣಿ ತೆಗೆದುಕೊಡುವ ಆನ್‌ಲೈನ್ ಸೆಂಟರಿನವರು, ರೈಸ್ ಮಿಲ್ಲಿನ ಟ್ಯಾಲಿ ಗುಮಾಸ್ತರು, ಮಗನನ್ನೋ ಮಗಳನ್ನೋ ಬಳ್ಳಾರಿಯ ಎಂಜಿನಿಯರಿಂಗ್ ಕಾಲೇಜಿಗೆ ಸೇರಿಸಿದ ಪಾಲಕರು, ಎಲ್ಲರ ಬಾಯಲ್ಲೂ ಒಂದೇ ಮಾತು: ‘ಪ್ರೊಸೆಸರ್ ರೇಟು ಇನ್ನೊಂದಿಷ್ಟು ಇಳಿಯಲಿ, ಆಮೇಲೆ ನೋಡೋಣ.’ ಈ ಬೆಲೆಗಳ ಏರಿಳಿತವನ್ನು ಗಮನಿಸುತ್ತಾ ಬಂದ ನನ್ನ ತೀರ್ಮಾನ ಇದಕ್ಕೆ ವಿರುದ್ಧ. ಪ್ರೊಸೆಸರ್ ಯಾವಾಗ ಕೊಳ್ಳಬೇಕು ಎಂಬುದನ್ನು ಅಂಗಡಿಯ ರೇಟು ತೀರ್ಮಾನಿಸಬಾರದು, ನಿಮ್ಮ ಕೆಲಸ ತೀರ್ಮಾನಿಸಬೇಕು. ಕಾಯುವುದರಿಂದ ಉಳಿಯುವ ಹಣ ಕಣ್ಣಿಗೆ ಕಾಣುತ್ತದೆ, ಕಾಯುವುದರಿಂದ ಹೋಗುವ ಹಣ ಕಾಣುವುದಿಲ್ಲ. ಎರಡನ್ನೂ ಒಂದೇ ಕಾಗದದ ಮೇಲೆ ಬರೆದವರಿಗೆ ಮಾತ್ರ ಕಾಯುವ ಹಕ್ಕಿದೆ.

ಮೊದಲು, ರೇಟು ಎತ್ತ ಹೋಗುತ್ತದೆ ಎಂದು ಮುಂಚೆಯೇ ತಿಳಿಯಬಹುದೇ ಎಂಬ ಪ್ರಶ್ನೆ ನೋಡೋಣ. ಎಎಂಡಿ ಕಂಪನಿ 2022ರ ಸೆಪ್ಟೆಂಬರ್ 27ರಂದು ರೈಜೆನ್ 7000 ಸರಣಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಅಮೆರಿಕದಲ್ಲಿ 299 ಡಾಲರ್ ಇದ್ದ ರೈಜೆನ್ 5 7600ಎಕ್ಸ್ ಎರಡು ತಿಂಗಳು ತುಂಬುವ ಮೊದಲೇ 249 ಡಾಲರಿಗೆ ಇಳಿಯಿತು. ಬಿಡುಗಡೆಯ ವಾರವೇ ಕೊಂಡವರು ಕೈ ಸುಟ್ಟುಕೊಂಡರು, ಕಾಯ್ದವರು ಗೆದ್ದರು. ಇಷ್ಟಕ್ಕೇ ನಿಲ್ಲಿಸಿದರೆ ಕಾಯುವುದೇ ಜಾಣತನ ಅನ್ನಿಸುತ್ತದೆ. ಆದರೆ ಮುಂದಿನ ವರ್ಷ ಅದೇ ಕಂಪನಿಯ ಇನ್ನೊಂದು ಚಿಪ್ ಬೇರೆ ಪಾಠ ಹೇಳಿತು. 2023ರ ಏಪ್ರಿಲ್‌ನಲ್ಲಿ 449 ಡಾಲರಿಗೆ ಬಂದ ರೈಜೆನ್ 7 7800ಎಕ್ಸ್3ಡಿ ಕ್ರಮೇಣ 350 ಡಾಲರ್ ಆಸುಪಾಸಿಗೆ ಇಳಿಯಿತು. ಅದರ ಉತ್ತರಾಧಿಕಾರಿ 9800ಎಕ್ಸ್3ಡಿ 2024ರ ನವೆಂಬರ್‌ನಲ್ಲಿ ಬರಲಿದೆ ಎನ್ನುವಾಗ ಹಳೆಯದು ಇನ್ನೂ ಅಗ್ಗವಾಗಬೇಕಿತ್ತು. ಆದದ್ದು ಉಲ್ಟಾ: ತಯಾರಿಕೆ ಕಡಿಮೆಯಾಗಿ ಸ್ಟಾಕ್ ಕರಗಿತು, ಹಳೆಯ ಚಿಪ್ಪೇ ಮತ್ತೆ ಹಳೆಯ ಬೆಲೆಗೆ ಏರಿತು, ಹೊಸದು 479 ಡಾಲರಿಗೆ ಬಂದಿತು. ‘ಹೊಸದು ಬಂದರೆ ಹಳೆಯದು ಇಳಿಯುತ್ತದೆ’ ಎಂಬ ನಂಬಿಕೆಯ ಮೇಲೆ ಕಾಯ್ದವರಿಗೆ ಎರಡೂ ದುಬಾರಿಯಾದವು. ಹಳೆಯ ಚಿಪ್ ಇಳಿಯುವುದು ಅಂಗಡಿಯಲ್ಲಿ ಅದರ ರಾಶಿ ಉಳಿದಿದ್ದಾಗ ಮಾತ್ರ. ಆ ರಾಶಿ ಎಷ್ಟಿದೆ ಎಂದು ಹೊರಗಿನ ಗ್ರಾಹಕನಿಗೆ ಗೊತ್ತಾಗುವ ದಾರಿಯೇ ಇಲ್ಲ.

ಇನ್ನು ಡಾಲರ್ ಬೆಲೆ ಇಳಿದರೂ ಅದು ಬಳ್ಳಾರಿಯ ಅಂಗಡಿಗೆ ಹಾಗೆಯೇ ತಲುಪುವುದಿಲ್ಲ. ಪ್ರೊಸೆಸರ್ ಆಮದು ವಸ್ತು. ಅದರ ಮೇಲೆ ಮೂಲ ಆಮದು ಸುಂಕ ಇಲ್ಲದಿದ್ದರೂ ಶೇ 18ರ ಜಿಎಸ್‌ಟಿ ಇದೆ, ಜೊತೆಗೆ ಡಾಲರಿನ ವಿನಿಮಯ ದರ ಇದೆ. 2024ರ ಬಹುಪಾಲು 83 ರೂಪಾಯಿ ಆಸುಪಾಸಿನಲ್ಲಿದ್ದ ಡಾಲರ್ 2025ರ ಡಿಸೆಂಬರ್ ಆರಂಭದಲ್ಲಿ 90 ದಾಟಿತು. ಇದೊಂದೇ ಶೇ 8ರಷ್ಟು ಏರಿಕೆ. ಅಂದರೆ ಅಮೆರಿಕದಲ್ಲಿ ಚಿಪ್ಪಿನ ಬೆಲೆ ಶೇ 8 ಇಳಿದಿದ್ದರೆ ಇಲ್ಲಿ ಅದು ಇದ್ದಲ್ಲೇ ಇರುತ್ತಿತ್ತು. ತೆರಿಗೆ ಇಳಿಯುತ್ತದೆ ಎಂದು ಕಾಯ್ದವರ ಕಥೆಯೂ ಅಷ್ಟೇ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾಗುತ್ತವೆ ಎಂಬ ಘೋಷಣೆ ಬಂದಾಗ ಅನೇಕರು ಕಂಪ್ಯೂಟರ್ ಖರೀದಿಯನ್ನು ಮುಂದೂಡಿದರು. ದೊಡ್ಡ ಟಿವಿ, ಏಸಿ ಶೇ 28ರಿಂದ 18ಕ್ಕೆ ಇಳಿದವು. ಪ್ರೊಸೆಸರ್, ಲ್ಯಾಪ್‌ಟಾಪ್ ಮೊದಲೂ 18ರಲ್ಲಿದ್ದವು, ಆಮೇಲೂ 18ರಲ್ಲೇ ಉಳಿದವು. ಮುಂದೂಡಿದವರಿಗೆ ಸಿಕ್ಕಿದ್ದು ಶೂನ್ಯ.

ಇದಕ್ಕಿಂತ ದೊಡ್ಡ ತಪ್ಪು ಎಣಿಕೆ ಎಂದರೆ ಪ್ರೊಸೆಸರ್ ಒಂದರ ಮೇಲೇ ಕಣ್ಣಿಡುವುದು. ಅಸೆಂಬಲ್ಡ್ ಕಂಪ್ಯೂಟರಿನಲ್ಲಿ ಪ್ರೊಸೆಸರ್ ಜೊತೆಗೆ ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಪವರ್ ಸಪ್ಲೈ ಬೇಕು. ಒಂದು ಇಳಿಯುವಾಗ ಇನ್ನೊಂದು ಏರಿದರೆ ಉಳಿಸಿದ್ದೆಲ್ಲ ಅಲ್ಲಿಗೇ ಹೋಗುತ್ತದೆ. 2011ರಲ್ಲಿ ಥಾಯ್ಲೆಂಡಿನ ಪ್ರವಾಹ ಹಾರ್ಡ್ ಡಿಸ್ಕ್ ಕಾರ್ಖಾನೆಗಳನ್ನು ಮುಳುಗಿಸಿದಾಗ ಡಿಸ್ಕ್ ಬೆಲೆ ಕೆಲವೇ ವಾರಗಳಲ್ಲಿ ದುಪ್ಪಟ್ಟಾಯಿತು. 2025ರ ಕೊನೆಯ ತಿಂಗಳುಗಳಲ್ಲಿ ಅದೇ ಗತಿ ರ‍್ಯಾಮ್‌ಗೆ ಬಂತು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನು ಸಗಟಾಗಿ ಎತ್ತಿಕೊಂಡವು. ತಯಾರಕರು ಹೆಚ್ಚು ಲಾಭದ ಆ ಕಡೆಗೇ ಹೊರಳಿದರು. ಮೈಕ್ರಾನ್ ಕಂಪನಿ 2025ರ ಡಿಸೆಂಬರ್ 3ರಂದು ‘ಕ್ರೂಷಿಯಲ್’ ಹೆಸರಿನ ತನ್ನ ಗ್ರಾಹಕ ಮಾರಾಟವನ್ನೇ ನಿಲ್ಲಿಸುವುದಾಗಿ ಹೇಳಿತು. ಡಿಡಿಆರ್5 ರ‍್ಯಾಮ್ ಜೋಡಿಗಳ ಬೆಲೆ ದುಪ್ಪಟ್ಟು, ಕೆಲವೆಡೆ ಅದಕ್ಕೂ ಹೆಚ್ಚಾಯಿತು. ಪ್ರೊಸೆಸರ್ ಮೇಲೆ ಎರಡು ಸಾವಿರ ಉಳಿಸಲೆಂದು ಆ ವರ್ಷದ ಮಧ್ಯದಿಂದ ಡಿಸೆಂಬರ್‌ವರೆಗೆ ಕಾಯ್ದವರು ಅದಕ್ಕಿಂತ ಹೆಚ್ಚನ್ನು ರ‍್ಯಾಮ್‌ಗೆ ಸುರಿದರು. ನೋಡಬೇಕಾದದ್ದು ಕೊಟೇಶನ್ನಿನ ಕೊನೆಯ ಸಾಲಿನ ಒಟ್ಟು ಮೊತ್ತವನ್ನು. ಆ ಕಾಗದದ ಅಡಿಯಲ್ಲಿ ಅಂಗಡಿಯವರು ‘ರೇಟು ಇವತ್ತಿಗೆ ಮಾತ್ರ’ ಎಂದು ಬರೆದಿದ್ದರೆ ಅದು ಗಿರಾಕಿಯನ್ನು ಅವಸರಪಡಿಸುವ ತಂತ್ರವೇ ಆಗಿರಬೇಕೆಂದಿಲ್ಲ. ನಾಳೆ ಬರುವ ಮಾಲಿನ ದರ ಅವರಿಗೂ ಗೊತ್ತಿರುವುದಿಲ್ಲ.

ಭತ್ತ ಇಟ್ಟುಕೊಂಡು ಕಾಯುವವನಿಗೂ ದುಡ್ಡು ಇಟ್ಟುಕೊಂಡು ಕಾಯುವವನಿಗೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯ. ರೈತನ ಬೆನ್ನಿಗೆ ಬೆಂಬಲ ಬೆಲೆ ಇದೆ. 2025-26ಕ್ಕೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲ್‌ಗೆ 2,369 ರೂಪಾಯಿ. ಹೀಗಾಗಿ ಎಷ್ಟು ಕೆಳಗೆ ಬೀಳಬಹುದು ಎಂಬ ಅಂದಾಜು ಅವನಿಗಿದೆ. ಗೋದಾಮು ಬಾಡಿಗೆ, ಸಾಲದ ಬಡ್ಡಿ, ಒಣಗಿ ಕಳೆಯುವ ತೂಕ ಮೂರನ್ನೂ ಕೂಡಿಸಿ ಕಾಯುವುದಕ್ಕೆ ಆಗುವ ಖರ್ಚನ್ನು ಅವನು ಬೆರಳ ಮೇಲೆ ಹೇಳುತ್ತಾನೆ. ಪ್ರೊಸೆಸರಿಗೆ ಕಾಯುವವನಿಗೆ ಬೆಂಬಲ ಬೆಲೆಯೂ ಇಲ್ಲ, ಖರ್ಚಿನ ಲೆಕ್ಕವೂ ಇಲ್ಲ. ಬ್ಯಾಂಕಿನಲ್ಲಿ ದುಡ್ಡು ಸುಮ್ಮನೆ ಇದೆಯಲ್ಲ, ಏನು ನಷ್ಟ ಎಂದುಕೊಳ್ಳುತ್ತಾನೆ. ಉಳಿತಾಯ ಖಾತೆಯ ಬಡ್ಡಿ ವರ್ಷಕ್ಕೆ ಶೇ 2.5ರ ಆಸುಪಾಸು, 20,000 ರೂಪಾಯಿಗೆ ತಿಂಗಳಿಗೆ ನಲವತ್ತು ರೂಪಾಯಿ ಚಿಲ್ಲರೆ. ನಷ್ಟ ಆಗುವುದು ಬೇರೆ ಕಡೆ. ಒಂದು ಸ್ಟುಡಿಯೊ ಎಂದಿಟ್ಟುಕೊಳ್ಳಿ. ಮಾಂಗಲ್ಯಧಾರಣೆಯ ವಿಡಿಯೊ ಎಡಿಟ್ ಮುಗಿದು ಎಕ್ಸ್‌ಪೋರ್ಟ್ ಒತ್ತಿದರೆ ಪರದೆಯ ಮೇಲಿನ ಪಟ್ಟಿ ಶೇ 30ರಲ್ಲಿ ನಿಂತು ಫ್ಯಾನ್ ಕಿರುಚುತ್ತದೆ, ಆ ಹೊತ್ತಿನಲ್ಲಿ ಆಲ್ಬಂ ಪುಟ ತೆರೆಯಲೂ ಆಗುವುದಿಲ್ಲ. ಹೊಸ ಪ್ರೊಸೆಸರ್ ದಿನಕ್ಕೆ ಒಂದೇ ಗಂಟೆ ಉಳಿಸುತ್ತದೆ, ಆ ಗಂಟೆಯ ದುಡಿಮೆ 100 ರೂಪಾಯಿ ಎಂದರೂ 25 ದಿನಕ್ಕೆ 2,500 ರೂಪಾಯಿ. 20,000 ರೂಪಾಯಿಯ ಚಿಪ್ಪು ಶೇ 10 ಇಳಿದರೆ ಸಿಗುವುದು 2,000. ಒಂದು ತಿಂಗಳು ಕಾಯುವಷ್ಟರಲ್ಲೇ ಆ ಲಾಭ ಮುಗಿದು ಕೈಯಿಂದ ಹೋಗಲು ಶುರುವಾಗುತ್ತದೆ. ಸೂತ್ರ ಸರಳ: ಇಳಿಯಬಹುದಾದ ಮೊತ್ತವನ್ನು ಹೊಸ ಯಂತ್ರ ತಿಂಗಳಿಗೆ ತಂದುಕೊಡುವ ಮೊತ್ತದಿಂದ ಭಾಗಿಸಿ. ಬರುವ ಉತ್ತರ ಎಷ್ಟು ತಿಂಗಳೋ, ಅದಕ್ಕಿಂತ ಒಂದು ದಿನ ಹೆಚ್ಚು ಕಾಯ್ದರೂ ನಷ್ಟ.

ಇದಕ್ಕೆ ಬರುವ ಮೊದಲ ಆಕ್ಷೇಪ, ‘ಎಲೆಕ್ಟ್ರಾನಿಕ್ಸ್ ಅಂದಮೇಲೆ ವರ್ಷದಿಂದ ವರ್ಷಕ್ಕೆ ಅಗ್ಗವಾಗುವುದೇ ಅಲ್ಲವೇ?’ ಹತ್ತು ವರ್ಷದ ಲೆಕ್ಕದಲ್ಲಿ ಹೌದು. ಅಷ್ಟೇ ದುಡ್ಡಿಗೆ ಮೊದಲಿಗಿಂತ ಬಹಳ ಹೆಚ್ಚು ವೇಗ ಸಿಗುತ್ತದೆ. ಆದರೆ ನಾವು ಕಾಯುವುದು ಹತ್ತು ವರ್ಷ ಅಲ್ಲ, ಮೂರು ತಿಂಗಳು, ಆರು ತಿಂಗಳು. ಆ ಅವಧಿಯಲ್ಲಿ ಡಾಲರ್, ಸ್ಟಾಕ್, ರ‍್ಯಾಮ್ ಸೇರಿ ದೀರ್ಘಕಾಲದ ಇಳಿಕೆಯನ್ನು ನುಂಗಿಬಿಡಬಲ್ಲವು. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ‘ಕಂಪ್ಯೂಟರಿನಿಂದ ಆದಾಯವೇ ಇಲ್ಲದವರು ಏನು ಮಾಡಬೇಕು?’ ಆಟಕ್ಕೆ, ಸಿನಿಮಾಕ್ಕೆ ಕೊಳ್ಳುವವರಿಗೆ ಮೇಲಿನ ಸೂತ್ರದಲ್ಲಿ ಭಾಜಕವೇ ಸೊನ್ನೆ. ಅವರು ಧಾರಾಳವಾಗಿ ಕಾಯಬಹುದು, ಕಾಯುವುದೇ ಸರಿ. ಎಂಜಿನಿಯರಿಂಗ್ ವಿದ್ಯಾರ್ಥಿಗೆ ಆದಾಯವಿಲ್ಲ, ಆದರೆ ದಿನಾಂಕವಿದೆ. ತರಗತಿ ಶುರುವಾದ ಮೇಲೆ ಯಂತ್ರವಿಲ್ಲದ ಒಂದು ಸೆಮಿಸ್ಟರ್ ಎರಡು ಸಾವಿರಕ್ಕೆ ಮರಳಿ ಸಿಗುವುದಿಲ್ಲ. ಟ್ಯಾಲಿಗೆ, ಬಿಲ್ಲಿಂಗಿಗೆ ಇರುವ ಹಳೆಯ ಯಂತ್ರ ಚೆನ್ನಾಗಿ ನಡೆಯುತ್ತಿದ್ದರೆ ಮಿಲ್ಲಿನವರೂ ಅವಸರಪಡಬೇಕಿಲ್ಲ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ಪೀಳಿಗೆ ಅಥವಾ ಮೇಲಿನದು ಬೇಕು. ಬ್ಯಾಂಕ್ ವ್ಯವಹಾರ, ಜಿಎಸ್‌ಟಿ ರಿಟರ್ನ್ ಎಲ್ಲವೂ ಒಂದೇ ಯಂತ್ರದಲ್ಲಿದ್ದರೆ ಅದನ್ನು ಬದಲಿಸುವ ದಿನಾಂಕವನ್ನು ಚಿಪ್ಪಿನ ಬೆಲೆಗೆ ಬಿಡುವುದು ತರವಲ್ಲ.

ಮೂರನೆಯದು ಹಬ್ಬದ ಸೇಲ್. ದಸರಾ, ದೀಪಾವಳಿಗೆ ಕಾಯುವುದರಲ್ಲಿ ಅರ್ಥವಿದೆ, ಏಕೆಂದರೆ ಅದು ಗೊತ್ತಿರುವ ದಿನಾಂಕ. ತೊಡಕು ಇರುವುದು ದುಡ್ಡಿನ ಕಾಲದಲ್ಲಿ. ಸಿರುಗುಪ್ಪ, ಕುರುಗೋಡು ಕಡೆ ಮುಂಗಾರು ಭತ್ತ ಕೊಯ್ದು ಕೈಗೆ ಕಾಸು ಬರುವುದು ನವೆಂಬರ್, ಡಿಸೆಂಬರ್‌ನಲ್ಲಿ. ಸೇಲ್ ಅದಕ್ಕಿಂತ ಮೊದಲು. ತುಂಗಭದ್ರಾ ಜಲಾಶಯದ ಗೇಟ್ ಬದಲಾವಣೆಗಾಗಿ 2025-26ರಲ್ಲಿ ಎರಡನೇ ಬೆಳೆಗೆ ನೀರು ಬಿಡದಿರುವ ತೀರ್ಮಾನ ಬಂದಾಗ ರೈತರಷ್ಟೇ ಅಲ್ಲ, ಅವರ ಮನೆಯ ಮದುವೆಯನ್ನು ನೆಚ್ಚಿದ ಸ್ಟುಡಿಯೊಗಳ ಆದಾಯವೂ ಅನಿಶ್ಚಿತವಾಯಿತು. ಕೈಯಲ್ಲಿ ದುಡ್ಡಿಲ್ಲದೆ ಸೇಲ್ ಹಿಡಿಯುವವರು ಇಎಂಐ ಹಾಕಿಸಿಕೊಳ್ಳುತ್ತಾರೆ. ಶೂನ್ಯ ಬಡ್ಡಿ ಎಂಬುದು ಇಲ್ಲವೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಇಂದಿನ ‘ನೋ ಕಾಸ್ಟ್’ ಯೋಜನೆಯಲ್ಲಿ ಬಡ್ಡಿಯಷ್ಟು ರಿಯಾಯಿತಿ ಕೊಟ್ಟು ಬಡ್ಡಿಯನ್ನು ಬೇರೆಯಾಗಿ ವಸೂಲು ಮಾಡುತ್ತಾರೆ. ಕಾರ್ಡಿನ ಮೇಲಾದರೆ ಆ ಬಡ್ಡಿಗೆ ಶೇ 18ರ ಜಿಎಸ್‌ಟಿ, ಮೇಲೆ ಸಂಸ್ಕರಣಾ ಶುಲ್ಕ. ನಗದು ಕೊಟ್ಟರೆ ಸಿಗುತ್ತಿದ್ದ ರಿಯಾಯಿತಿ ಮಾತ್ರ ಸಿಗುವುದಿಲ್ಲ. ವ್ಯವಹಾರದವರಿಗೆ ಇನ್ನೊಂದು ದಿನಾಂಕ ಗೊತ್ತಿರಬೇಕು. ಆದಾಯ ತೆರಿಗೆಯಲ್ಲಿ ಕಂಪ್ಯೂಟರಿಗೆ ಶೇ 40ರ ಸವಕಳಿ ಇದೆ. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದರೆ ಅದರಲ್ಲಿ ಅರ್ಧ ಮಾತ್ರ. ಅಂದರೆ ಅಕ್ಟೋಬರ್ ಮೊದಲ ದಿನಗಳೊಳಗೆ ಕೊಂಡು ಬಳಕೆಗೆ ಹಚ್ಚಿದವರಿಗೂ ದೀಪಾವಳಿಗೆ ಕೊಂಡವರಿಗೂ ವ್ಯತ್ಯಾಸವಿದೆ. ಅಂದಾಜು ಆದಾಯದ ಮೇಲೆ ತೆರಿಗೆ ಕಟ್ಟುವ ಸಣ್ಣ ಅಂಗಡಿಯವರಿಗೆ ಇದು ಅನ್ವಯಿಸದು, ರೈಸ್ ಮಿಲ್ಲಿಗೆ ಅನ್ವಯಿಸುತ್ತದೆ. ಸ್ಟುಡಿಯೊದವರಿಗೆ ಹೊಸ ಯಂತ್ರ ಕೂಡಿಸಿ ಪಳಗಿಸಿಕೊಳ್ಳಲು ಮದುವೆಯಿಲ್ಲದ ಆಷಾಢಕ್ಕಿಂತ ಒಳ್ಳೆಯ ಕಾಲವಿಲ್ಲ, ಆಗ ಯಾವ ಸೇಲ್ ಇರಲಿ ಬಿಡಲಿ.

ಕೊನೆಯ ಆಕ್ಷೇಪ ತಿರುಗುಬಾಣದ್ದು: ‘ಬೆಲೆ ಏರುತ್ತಲೇ ಇದೆ ಎಂದರೆ ಬೇಕಿಲ್ಲದಿದ್ದರೂ ಈಗಲೇ ಕೊಂಡಿಡಬೇಕಲ್ಲವೇ?’ ಬೇಡ. ಇಳಿಯುತ್ತದೆ ಎಂದು ಕಾಯುವುದೂ ಏರುತ್ತದೆ ಎಂದು ಕೊಂಡಿಡುವುದೂ ಒಂದೇ ಜೂಜಿನ ಎರಡು ಮುಖ. ಡಬ್ಬಿಯಲ್ಲಿ ಕೂತ ಪ್ರೊಸೆಸರ್ ಒಂದು ರೂಪಾಯಿಯನ್ನೂ ದುಡಿಯುವುದಿಲ್ಲ, ಅದರ ವಾರಂಟಿ ಮಾತ್ರ ಕರಗುತ್ತಿರುತ್ತದೆ. ಅವಸರದಲ್ಲಿ ಕೊಳ್ಳುವವರು ‘ಟ್ರೇ ಪೀಸ್’ಗೆ, ಅಂದರೆ ಡಬ್ಬಿಯಿಲ್ಲದ ಮಾಲಿಗೆ, ಬಲಿಯಾಗುವುದೂ ಹೆಚ್ಚು. ಡಬ್ಬಿಯ ಮಾಲಿಗೆ ಇಂಟೆಲ್, ಎಎಂಡಿ ಸಾಮಾನ್ಯವಾಗಿ ಮೂರು ವರ್ಷದ ವಾರಂಟಿ ಕೊಡುತ್ತವೆ, ಡಬ್ಬಿಯಿಲ್ಲದ ಮಾಲಿಗೆ ಮಾರಿದವನ ಮಾತೇ ವಾರಂಟಿ. ಇದು ಬರೀ ಕಾಗದದ ವಿಷಯವಲ್ಲ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಚಿಪ್ಪುಗಳು ಅಸ್ಥಿರವಾಗುತ್ತಿವೆ ಎಂಬುದು ಖಚಿತವಾದಾಗ 2024ರಲ್ಲಿ ಕಂಪನಿ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಬಿಲ್ಲೂ ಡಬ್ಬಿಯ ಮೇಲಿನ ಸೀರಿಯಲ್ ನಂಬರೂ ಇಟ್ಟುಕೊಂಡವರಿಗೆ ಅದರ ಪ್ರಯೋಜನ ಪಡೆಯುವುದು ಸುಲಭವಾಯಿತು. ಸಿರುಗುಪ್ಪದಿಂದ ಬಳ್ಳಾರಿಗೆ 55 ಕಿಲೋಮೀಟರ್ ಹೋಗಿ ಬರುವವರಿಗೆ ಐದುನೂರು ಕಡಿಮೆ ಹೇಳುವ ಅಂಗಡಿಗಿಂತ ಪಕ್ಕಾ ಜಿಎಸ್‌ಟಿ ಬಿಲ್ ಕೊಡುವ ಅಂಗಡಿಯೇ ಅಗ್ಗ. ನೋಂದಣಿ ಇರುವ ವ್ಯಾಪಾರಿಗೆ ಆ ಬಿಲ್ಲಿನ ತೆರಿಗೆ ಮರಳಿಯೂ ಬರುತ್ತದೆ, ಕಾಂಪೊಸಿಷನ್ ಯೋಜನೆಯಲ್ಲಿದ್ದರೆ ಬರುವುದಿಲ್ಲ.

ಹಾಗಾದರೆ ಮಾಡಬೇಕಾದದ್ದು ಇಷ್ಟು. ಕೊಳ್ಳುವ ಮೊದಲು ಮೂರು ಸಂಖ್ಯೆ ಬರೆದಿಡಿ: ಯಂತ್ರ ಯಾವ ತಾರೀಖಿನೊಳಗೆ ಬೇಕು, ಇಡೀ ಯಂತ್ರಕ್ಕೆ ಹೆಚ್ಚೆಂದರೆ ಎಷ್ಟು ಕೊಡಬಲ್ಲಿರಿ, ಹೊಸದು ತಿಂಗಳಿಗೆ ಎಷ್ಟು ತಂದುಕೊಡುತ್ತದೆ. ಹೊಸ ಚಿಪ್ ಬಿಡುಗಡೆಯಾದ ಮೊದಲ ಎರಡು ತಿಂಗಳು ಅದನ್ನು ಕೊಳ್ಳಬೇಡಿ. ತಾರೀಖು ಬರುವ ಮೊದಲೇ ಒಟ್ಟು ಮೊತ್ತ ನಿಮ್ಮ ಮಿತಿಯೊಳಗೆ ಬಂದರೆ ಅವತ್ತೇ ಕೊಳ್ಳಿ. ತಾರೀಖು ಬಂದರೂ ಬರದಿದ್ದರೆ ಒಂದು ಮೆಟ್ಟಿಲು ಕೆಳಗಿನ ಪ್ರೊಸೆಸರ್ ಆರಿಸಿ, ಸಾಲ ಮಾಡಿ ಮೇಲಿನದನ್ನಲ್ಲ. ಕೊಂಡ ಮೇಲೆ ಮುಂದಿನ ವಾರದ ರೇಟು ವಿಚಾರಿಸಲು ಹೋಗಬೇಡಿ. ನಿಮಗೆ ಆಮೇಲೆ ಬೇಕಾದ ಲೆಕ್ಕ ಒಂದೇ: ಯಂತ್ರ ತಾನು ತಿಂದ ದುಡ್ಡನ್ನು ಎಷ್ಟು ತಿಂಗಳಲ್ಲಿ ದುಡಿದುಕೊಟ್ಟಿತು ಎಂಬುದು.