ಚಹವೂ ದೇಹದ ತೂಕವೂ

ನಾಂಪಲ್ಲಿ ರೈಲು ನಿಲ್ದಾಣದಿಂದ ಹೊರಬಂದೊಡನೆ ಇರಾನಿ ಚಹದ ಪರಿಮಳವು ನಮ್ಮನ್ನು ಎದುರುಗೊಳ್ಳುವುದು. ಚಹ ಕುಡಿದರೆ ಮೈಯ ಕೊಬ್ಬು ಕರಗುವುದೆಂದು ನಂಬಿ, ಬೆಳಗಿನ ಉಪಾಹಾರವನ್ನೇ ಬಿಡುವ ವಿದ್ಯಾರ್ಥಿಗಳುಂಟು. ಈ ನಂಬಿಕೆಯಲ್ಲಿ ಸತ್ಯಾಂಶವೆಷ್ಟು?

ಚಹ, ಕಾಫಿಗಳೆರಡರಲ್ಲಿಯೂ ಇರುವ ಕೆಫೀನನ್ನು 1819ರಲ್ಲಿ ಜರ್ಮನಿಯ ರುಂಗೆ ಎಂಬ ರಸಾಯನಶಾಸ್ತ್ರಜ್ಞನು ಕಾಫಿಬೀಜದಿಂದ ಬೇರ್ಪಡಿಸಿದನು. ಅದು ಹಸಿವನ್ನು ಸ್ವಲ್ಪ ಹೊತ್ತು ಅಡಗಿಸುವುದು. ದೇಹದ ಶಕ್ತಿವ್ಯಯವನ್ನೂ ಹೆಚ್ಚಿಸುವುದು. ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ. ವಿಶ್ರಾಂತಿಯಲ್ಲಿರುವ ವಯಸ್ಕನ ದೇಹಕ್ಕೆ ಗಂಟೆಗೆ ಸುಮಾರು 60 ಕ್ಯಾಲೊರಿ ಬೇಕು. 100 ಮಿಲಿಗ್ರಾಂ ಕೆಫೀನು, ಎಂದರೆ ಎರಡು ಮೂರು ಬಟ್ಟಲು ಚಹ, ಈ ವ್ಯಯವನ್ನು ಎರಡೂವರೆ ಗಂಟೆಗಳ ಕಾಲ ನೂರಕ್ಕೆ 3-4ರಷ್ಟು ಏರಿಸಬಲ್ಲುದು. ಒಟ್ಟು ಕರಗುವುದು ಐದಾರು ಕ್ಯಾಲೊರಿ. ಒಂದೇ ಚಮಚ (5 ಗ್ರಾಂ) ಸಕ್ಕರೆಯಿಂದ ಬರುವುದೋ 20! ಗಟ್ಟಿ ಹಾಲನ್ನೂ ಉಸ್ಮಾನಿಯಾ ಬಿಸ್ಕತ್ತನ್ನೂ ನಾವಿನ್ನೂ ಎಣಿಸಿಯೇ ಇಲ್ಲ. ಅಲ್ಲದೆ, ನಿತ್ಯ ಕುಡಿಯುವವರ ದೇಹವು ಕೆಫೀನಿಗೆ ಒಗ್ಗಿಹೋಗಿ ಅದರ ಪ್ರಭಾವವೂ ತಗ್ಗುವುದು.

ಸಂಜೆಯ ಚಹವು ನಿದ್ರೆಯನ್ನು ಕೆಡಿಸುವುದು. ನಿದ್ರೆಗೆಟ್ಟವನಿಗೆ ಮರುದಿನ ಹಸಿವು ಹೆಚ್ಚು. ಉಪಾಹಾರ ಬಿಟ್ಟವನ ಪಾಡೂ ಅಷ್ಟೆ: ಹನ್ನೊಂದು ಗಂಟೆಯ ವೇಳೆಗೆ ಆತನು ಮಿರ್ಚಿ ಬಜ್ಜಿಯ ಬಾಣಲೆಯ ಮುಂದೆ ನಿಂತಿರುವನು.