ತೂಕ ಇಳಿದವರ ಓಟದ ಶೂ: ಹಗರಿಬೊಮ್ಮನಹಳ್ಳಿ ಮೈದಾನದ ಎಂಟು ಪಾಠಗಳು

ನಮ್ಮ ಹಗರಿಬೊಮ್ಮನಹಳ್ಳಿಯಲ್ಲಿ ಬೆಳಕು ಹರಿಯುವ ಮುಂಚೆ ಮೈದಾನಕ್ಕೆ ಬರುವವರಲ್ಲಿ ಮೂರು ಬಗೆ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ 1600 ಮೀಟರ್ ಓಟಕ್ಕೆ ತಯಾರಾಗುವ ಹುಡುಗರು, ಸಕ್ಕರೆ ಕಾಯಿಲೆ ಇದೆ ಎಂದು ಡಾಕ್ಟರು ಹೇಳಿದ ಮೇಲೆ ನಡಿಗೆ ಹಿಡಿದು ಮೆಲ್ಲಗೆ ಓಟಕ್ಕೆ ಇಳಿದ ನಡುವಯಸ್ಸಿನವರು, ಕೊಟ್ಟೂರೇಶ್ವರನ ತೇರಿಗೆ ಪಾದಯಾತ್ರೆ ಹೋಗಲು ಕಾಲು ಗಟ್ಟಿ ಮಾಡಿಕೊಳ್ಳುವವರು. ದೈಹಿಕ ಶಿಕ್ಷಣ ಶಿಕ್ಷಕನಾಗಿ ಇವರೆಲ್ಲರ ಜೊತೆ ಓಡುತ್ತ ಬಂದಿದ್ದೇನೆ. ತೂಕ ಇಳಿದವರು ಪ್ಯಾಂಟು ಹಿಡಿಸಿಕೊಳ್ಳುತ್ತಾರೆ, ಬೆಲ್ಟಿಗೆ ಹೊಸ ತೂತು ಹಾಕಿಸುತ್ತಾರೆ. ಶೂ ಕಡೆಗೆ ನೋಡುವುದು ಹಿಮ್ಮಡಿಯಲ್ಲಿ ಗುಳ್ಳೆ ಎದ್ದ ಮೇಲೆ, ಇಲ್ಲವೇ ಮೊಣಕಾಲು ನೋಯತೊಡಗಿದ ಮೇಲೆ. ಅಷ್ಟು ದಿನ ಕಾಯಬೇಕಿಲ್ಲ.

1. ಪಾದವೂ ಇಳಿಯುತ್ತದೆ.
ಪಾದದಲ್ಲೂ ಕೊಬ್ಬು ಇರುತ್ತದೆ, ನೀರು ತುಂಬಿದ ಬಾವೂ ಇರುತ್ತದೆ. ತೂಕ ಇಳಿದಂತೆ ಎರಡೂ ಕಡಿಮೆಯಾಗುತ್ತವೆ. ಭಾರಕ್ಕೆ ಹರಡಿಕೊಂಡಿದ್ದ ಪಾದ ಸ್ವಲ್ಪ ಕೂಡಿಕೊಳ್ಳುತ್ತದೆ. ಬದಲಾವಣೆ ಮೊದಲು ಕಾಣುವುದು ಅಗಲದಲ್ಲಿ ಮತ್ತು ಮೇಲ್ಪಾದದ ದಪ್ಪದಲ್ಲಿ. ಉದ್ದ ಕಡಿಮೆಯಾಗುವುದು ಅಪರೂಪ, ಆದರೂ ತೂಕ ಬಹಳ ಇಳಿದವರಿಗೆ ಅರ್ಧ ಸೈಜ್ ಕಡಿಮೆಯಾಗಬಹುದು. ಎಲ್ಲರಿಗೂ ಹೀಗೇ ಆಗುತ್ತದೆ ಎಂದಿಲ್ಲ. ಅದಕ್ಕೇ ಊಹೆ ಬಿಟ್ಟು ಅಳೆಯಬೇಕು.

2. ಅಂಗಡಿಗೆ ಹೋಗುವ ಮುಂಚೆ ಲೇಸ್ ನೋಡಿ.
ಲೇಸ್ ಪೂರ್ತಿ ಎಳೆದಾಗ ಎರಡೂ ಬದಿಯ ತೂತುಗಳ ಸಾಲು ಒಂದಕ್ಕೊಂದು ತಾಗುವಂತಿದ್ದರೆ ಶೂ ಅಗಲವಾಗಿದೆ ಎಂದರ್ಥ. ಓಡುವಾಗ ಹಿಮ್ಮಡಿ ಮೇಲೆದ್ದು ಬೀಳುತ್ತಿದ್ದರೆ, ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಉಗುರು ಕಪ್ಪಾಗುತ್ತಿದ್ದರೆ ಅದೂ ಇದೇ ಗುರುತು. ಸಡಿಲ ಸ್ವಲ್ಪವೇ ಇದ್ದರೆ ಕೊನೆಯ ತೂತಿನಲ್ಲಿ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಅದರೊಳಗೆ ತೂರಿಸಿ ಕಟ್ಟಿ. ದಪ್ಪ ಸಾಕ್ಸ್ ಅಥವಾ ತುಸು ದಪ್ಪನೆಯ ಇನ್‌ಸೋಲ್ ಕೂಡ ಸಾಕಾಗಬಹುದು. ಇದರಲ್ಲೇ ಕೆಲಸ ಮುಗಿದರೆ ಹೊಸ ಶೂಗೆ ದುಡ್ಡು ಹಾಕಬೇಡಿ.

3. ಸಂಜೆ ಅಳೆಯಿರಿ, ನಿಂತು ಅಳೆಯಿರಿ.
ದಿನವಿಡೀ ಓಡಾಡಿದ ಪಾದ ಬೆಳಗಿಗಿಂತ ಸಂಜೆ ದಪ್ಪಗಿರುತ್ತದೆ, ನಮ್ಮ ಬಿಸಿಲಿಗೆ ಇನ್ನಷ್ಟು. ಹಾಳೆಯ ಮೇಲೆ ನಿಂತು ಎರಡೂ ಪಾದಗಳ ಗೆರೆ ಎಳೆದು, ಉದ್ದ ಮತ್ತು ಅಗಲವನ್ನು ಸೆಂಟಿಮೀಟರಿನಲ್ಲಿ ಬರೆದಿಡಿ. ದೊಡ್ಡ ಪಾದಕ್ಕೆ ತಕ್ಕ ಶೂ ಕೊಳ್ಳಿ. ಉದ್ದ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗ ಇರಲಿ. ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ ದೇಶದ ಉದ್ದಗಲಕ್ಕೂ ಪಾದಗಳ ಅಳತೆ ಸಮೀಕ್ಷೆ ನಡೆಸಿದಾಗ, ಭಾರತೀಯರ ಪಾದ ಹೊರದೇಶದ ಅಳತೆಗಳಿಗಿಂತ ಅಗಲ ಎಂದು ಕಂಡುಬಂತು. ಅಗಲ ಸಾಲದೆ ಒಂದು ಸೈಜ್ ಉದ್ದದ ಶೂ ಹಾಕುತ್ತಿದ್ದವರಿಗೆ ತೂಕ ಇಳಿದ ಮೇಲೆ ಸರಿಯಾದ ಉದ್ದದ ಶೂ ಸಿಗುವ ಅವಕಾಶ ಇದು.

4. ಕುಗ್ಗಿದ ಫೋಮ್ ಮತ್ತೆ ಏಳುವುದಿಲ್ಲ.
ಓಡುವಾಗ ಒಂದೊಂದು ಹೆಜ್ಜೆಗೂ ದೇಹದ ತೂಕದ ಎರಡರಿಂದ ಮೂರು ಪಟ್ಟು ಭಾರ ನೆಲಕ್ಕೆ ಬೀಳುತ್ತದೆ. ಕಿಲೋಮೀಟರಿಗೆ ಸಾವಿರದಷ್ಟು ಹೆಜ್ಜೆ. 95 ಕಿಲೋ ಇದ್ದಾಗ ತುಳಿದ ಶೂ, 80ಕ್ಕೆ ಇಳಿದಾಗ ಹೊಸದಾಗುವುದಿಲ್ಲ. ಹಳೆಯ ಭಾರಕ್ಕೆ, ಹಳೆಯ ನಡಿಗೆಗೆ ಅದು ಒಂದು ಬದಿಗೆ ಸವೆದಿರುತ್ತದೆ. ಶೂ ಜೋಡಿಯನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಒಳಕ್ಕೋ ಹೊರಕ್ಕೋ ವಾಲಿದ್ದರೆ, ಬದಿಯ ಫೋಮಿನಲ್ಲಿ ಆಳವಾದ ಸುಕ್ಕು ಬಿದ್ದಿದ್ದರೆ ಓಟದಿಂದ ತೆಗೆಯಿರಿ. ಸಂತೆ, ಪೇಟೆ ಓಡಾಟಕ್ಕೆ ಅದು ಸಾಕು.

5. ತಿಂಗಳು ಎಣಿಸಬೇಡಿ, ಕಿಲೋಮೀಟರ್ ಎಣಿಸಿ.
ಓಟದ ಶೂ ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬಾಳುತ್ತದೆ. ಭಾರ ಹೆಚ್ಚಿದ್ದವರಿಗೆ ಕೆಳಗಿನ ಲೆಕ್ಕ, ಹಗುರ ಇದ್ದವರಿಗೆ ಮೇಲಿನ ಲೆಕ್ಕ. ವಾರಕ್ಕೆ 30 ಕಿ.ಮೀ. ಓಡುವವರಿಗೆ ಅದು ಸುಮಾರು ನಾಲ್ಕರಿಂದ ಆರು ತಿಂಗಳು. ಇನ್ನೊಂದು ಮಾತು: ದಪ್ಪಗಿದ್ದಾಗ ಹಿತವಾಗಿದ್ದ ಗಟ್ಟಿ ಫೋಮಿನ ಶೂ ತೂಕ ಇಳಿದ ಮೇಲೆ ಬಿರುಸಾಗಿ ತಾಗಬಹುದು. ಅದೇ ಮಾಡೆಲ್ ಮತ್ತೆ ಕೊಳ್ಳುವ ಮುಂಚೆ ಅಂಗಡಿಯಲ್ಲೇ ನಾಲ್ಕು ಹೆಜ್ಜೆ ಓಡಿ ನೋಡಿ.

6. ನಮ್ಮ ನೆಲದ ಲೆಕ್ಕವೇ ಬೇರೆ.
ಬಳ್ಳಾರಿ ಜಾಲಿಯ ಮುಳ್ಳು ಮೃದು ಸೋಲನ್ನು ದಾಟಿ ಅಂಗಾಲಿಗೇ ಬರುತ್ತದೆ. ಓಡಿ ಬಂದ ಮೇಲೆ ಸೋಲ್ ತಡವಿ ಮುಳ್ಳು ಕೀಳಿ. ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿಕೊಂಡು ಶೂ ಭಾರವಾಗುತ್ತದೆ. ಸಡಿಲ ಶೂ ಅಲ್ಲೇ ಕಾಲಿನಿಂದ ಕಳಚುತ್ತದೆ. ತೊಳೆದ ಶೂ ನೆರಳಿನಲ್ಲಿ ಒಣಗಲಿ. ತಗಡಿನ ಮೇಲೆ, ಬೇಸಿಗೆಯ ಬಿಸಿಲಿಗೆ ಇಟ್ಟರೆ ಅಂಟು ಬಿಡುತ್ತದೆ.

7. ತೂಕ ನಿಂತ ಮೇಲೆ ಒಳ್ಳೆಯ ಶೂ ಕೊಳ್ಳಿ.
ತಿಂಗಳಿಂದ ತಿಂಗಳಿಗೆ ತೂಕ ಇಳಿಯುತ್ತಿರುವಾಗ ದುಬಾರಿ ಶೂ ಬೇಡ. ಅಳತೆಗೆ ಕೂರುವ ಸಾಧಾರಣ ಜೋಡಿ ಸಾಕು. ಎರಡು ಮೂರು ತಿಂಗಳು ತೂಕ ಒಂದೇ ಕಡೆ ನಿಂತ ಮೇಲೆ ಮತ್ತೆ ಅಳೆದು ಒಳ್ಳೆಯದನ್ನು ತನ್ನಿ. ಹೊಸ ಶೂ ಹಾಕಿ ಮೊದಲು ಚಿಕ್ಕ ಓಟ ಓಡಿ. ನೇಮಕಾತಿಯ ದಿನ, ಪಾದಯಾತ್ರೆಯ ದಿನ ಡಬ್ಬಿಯಿಂದ ಆಗ ತೆಗೆದ ಶೂ ಹಾಕಲೇಬಾರದು.

8. ಸಕ್ಕರೆ ಕಾಯಿಲೆ ಇದ್ದವರು ಪಾದವನ್ನು ಕಣ್ಣಿನಿಂದ ನೋಡಬೇಕು.
ಪಾದದ ಸ್ಪರ್ಶ ಕಡಿಮೆಯಾದವರಿಗೆ ಶೂ ಉಜ್ಜುವುದು ತಿಳಿಯುವುದಿಲ್ಲ. ಸಣ್ಣ ಗುಳ್ಳೆ ಹುಣ್ಣಾಗಿ, ವಾಸಿಯಾಗದೆ ಬೆಳೆಯಬಹುದು. ದಿನವೂ ಬೆರಳ ಸಂದು, ಅಂಗಾಲು ನೋಡಿಕೊಳ್ಳಿ. ಬಗ್ಗಲಾಗದಿದ್ದರೆ ಮನೆಯವರಿಗೆ ತೋರಿಸಿ. ಇವರು ಸಡಿಲ ಶೂನಲ್ಲಿ ಒಂದು ದಿನವೂ ಓಡಬಾರದು. ಊಟ, ಓಟ ಯಾವುದೂ ಬದಲಾಗದೆ ತೂಕ ತಾನಾಗಿ ಇಳಿಯುತ್ತಿದ್ದರೆ ಶೂ ಅಂಗಡಿ ಆಮೇಲೆ, ಮೊದಲು ಡಾಕ್ಟರು.

ತೂಕ ಇಳಿಸುವುದು ಕಷ್ಟದ ಕೆಲಸ. ಅಷ್ಟು ಕಷ್ಟಪಟ್ಟವರು ಕಾಲುನೋವಿನಿಂದ ಓಟ ಬಿಟ್ಟು ಮತ್ತೆ ಮೊದಲಿನ ತೂಕಕ್ಕೆ ಹೋಗುವುದನ್ನು ನೋಡಲು ನನಗೆ ಮನಸ್ಸಿಲ್ಲ. ಐದು ಕಿಲೋ ಇಳಿದಾಗಲೆಲ್ಲ ಒಮ್ಮೆ ಹಾಳೆಯ ಮೇಲೆ ನಿಂತು ಪಾದ ಅಳೆಯಿರಿ. ಅದಕ್ಕೆ ಬೇಕಾದದ್ದು ಒಂದು ಪೆನ್ಸಿಲ್, ಒಂದು ಸ್ಕೇಲ್ ಮಾತ್ರ.